ಮದುವೆಗೆ ನಾಯಿಯನ್ನೂ ಕರೆಯೋದಾದರೆ: ಗಟ್ಟಿಮೇಳಕ್ಕೆ ಮುಂಚೆ ಗೊತ್ತಿರಬೇಕಾದ ವಿಷಯಗಳು

ಅಕ್ಕನ ಮದುವೆಗೆ ನಮ್ಮ ಗುಂಡನನ್ನೂ ಛತ್ರಕ್ಕೆ ಕರೆದುಕೊಂಡು ಹೋಗಿದ್ದೆವು. ಕೊರಳಿಗೆ ಜರಿ ಶಲ್ಯ, ಹಣೆಗೆ ಕುಂಕುಮ. ಬೆಳಿಗ್ಗೆ ತಿಂಡಿಗೆ ಬಂದವರೆಲ್ಲ ಅವನನ್ನು ಮುದ್ದು ಮಾಡಿದ್ದೇ ಮಾಡಿದ್ದು. ಮುಹೂರ್ತ ಬಂತು. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು ನೋಡಿ, ಡೋಲಿನ ಮೊದಲ ಏಟಿಗೇ ಗುಂಡ ಚಿಕ್ಕಪ್ಪನ ಕೈಯಿಂದ ಬೆಲ್ಟ್ ಬಿಡಿಸಿಕೊಂಡು ಓಟ ಕಿತ್ತ. ಅಕ್ಷತೆ ಹಾಕಬೇಕಾದ ನಾನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವನ ಹಿಂದೆ ಓಡಿದೆ. ಒಂದೂವರೆ ಗಂಟೆ ಹುಡುಕಿದ ಮೇಲೆ ಸಿಕ್ಕ. ಅಡುಗೆಮನೆಯ ಹಿಂದೆ, ಬಾಳೆ ಎಲೆ ಕಟ್ಟುಗಳ ಸಂದಿಯಲ್ಲಿ, ಬಾಲವನ್ನು ಹೊಟ್ಟೆ ಕೆಳಗೆ ಸೇರಿಸಿಕೊಂಡು ನಡುಗುತ್ತಾ ಕೂತಿದ್ದ. ಮುಷ್ಟಿ ಬಿಚ್ಚಿದರೆ ಅಕ್ಷತೆ ಬೆವರಿಗೆ ಅಂಗೈಗೇ ಅಂಟಿಕೊಂಡಿತ್ತು. ಅಕ್ಕನ ಧಾರೆ ಫೋಟೋಗಳಲ್ಲಿ ಒಂದರಲ್ಲೂ ನಾನಿಲ್ಲ.

ಎರಡು ವರ್ಷ ಬಿಟ್ಟು ನನ್ನ ಮದುವೆ ಆಯಿತು. ಅದರಲ್ಲೂ ಗುಂಡ ಇದ್ದ. ಆದರೆ ಮುಹೂರ್ತದಲ್ಲಿ ಅಲ್ಲ, ಛತ್ರದ ಒಳಗೂ ಅಲ್ಲ. ಆ ಎರಡು ಮದುವೆಗಳ ನಡುವೆ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಈಗ ಮನೆಯಲ್ಲಿ ನಾಯಿ ಇರುವವರಿಗೆಲ್ಲ ಅದು ಫೋಟೋದಲ್ಲಿ ಇರಲೇಬೇಕು ಅಂತ ಆಸೆ. ಇರಲಿ, ತಪ್ಪೇನಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ನಾಯಿಯನ್ನು ಇಡೀ ಮದುವೆಗೆ ಕರೆಯಬೇಡಿ, ಮದುವೆಯ ಒಂದು ತುಂಡಿಗೆ ಕರೆಯಿರಿ. ಇಪ್ಪತ್ತು ನಿಮಿಷ ಸಾಕು.

ಮೊದಲು ನಾಯಿಯನ್ನು ನೋಡಿ

ಎಲ್ಲ ನಾಯಿಗೂ ಮದುವೆಮನೆ ಆಗಿಬರುವುದಿಲ್ಲ. ಅದನ್ನು ತಿಳಿಯೋಕೆ ದೊಡ್ಡ ಪರೀಕ್ಷೆ ಏನೂ ಬೇಡ, ಹೋದ ದೀಪಾವಳಿ ನೆನಪು ಮಾಡಿಕೊಳ್ಳಿ. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿಕೊಂಡು ಊಟ ಬಿಟ್ಟಿತ್ತಾ? ಬೀದಿಯಲ್ಲಿ ಗಣಪತಿ ಮೆರವಣಿಗೆ ಬಂದಾಗ ನೋಡೋಕೆ ಗೇಟಿನ ಹತ್ತಿರ ಹೋಯಿತಾ, ಬಚ್ಚಲಿಗೆ ಓಡಿತಾ? ಬಚ್ಚಲಿಗೆ ಓಡುವ ನಾಯಿಯನ್ನು ವಾಲಗದ ಹತ್ತಿರ ತರಲೇಬೇಡಿ. ಮನುಷ್ಯರ ಕಿವಿಗೆ 20,000 ಹರ್ಟ್ಸ್ ಆಚೆಯ ಸದ್ದು ಕೇಳುವುದಿಲ್ಲ, ನಾಯಿಗೆ 40,000 ದಾಟಿದ್ದೂ ಕೇಳುತ್ತದೆ. ಮೈಕು ಕುಯ್ಯ್ ಅಂದಾಗ ನಾವೇ ಕಿವಿ ಮುಚ್ಚಿಕೊಳ್ಳುತ್ತೇವೆ, ಅದಕ್ಕೆ ಮುಚ್ಚಿಕೊಳ್ಳೋಕೆ ಕೈ ಇಲ್ಲ.

ಇನ್ನು ಹೊಸಬರು. ನೆಂಟರು ಬಂದಾಗ ನಿಮ್ಮ ನಾಯಿ ಬಾಲ ಅಲ್ಲಾಡಿಸಿದರೆ ಸಾಲದು, ಹತ್ತು ಜನ ಒಟ್ಟಿಗೆ ಬಗ್ಗಿ ತಲೆ ಸವರಿದರೆ ಏನು ಮಾಡುತ್ತದೆ ಅನ್ನೋದು ಪ್ರಶ್ನೆ. ಭಯವಾದಾಗ ನಾಯಿ ಮೊದಲು ಗುರ್ರ್ ಅನ್ನುವುದಿಲ್ಲ. ನಿದ್ದೆ ಬರದಿದ್ದರೂ ಆಕಳಿಸುತ್ತದೆ, ಸುಮ್ಮಸುಮ್ಮನೆ ಮೂತಿ ನೆಕ್ಕಿಕೊಳ್ಳುತ್ತದೆ, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತದೆ. ಇದನ್ನೆಲ್ಲ ಯಾರೂ ಗಮನಿಸದೆ ಇದ್ದಾಗಲೇ ಅದು ಗುರ್ರ್ ಅನ್ನೋದು. ಅಕ್ಕನ ಮದುವೆ ವಿಡಿಯೋವನ್ನು ಆಮೇಲೆ ನೋಡಿದಾಗ ಗೊತ್ತಾಯಿತು, ಗುಂಡ ಓಡಿಹೋಗುವ ಮುಂಚೆ ಒಂದೇ ಸಮನೆ ಆಕಳಿಸುತ್ತಿದ್ದ. ನಾವು "ಪಾಪ, ಬೇಗ ಎದ್ದಿದಾನೆ" ಅಂತ ನಕ್ಕಿದ್ದೆವು.

ಮುಧೋಳ ನಾಯಿ ಸಾಕಿದವರು ಇನ್ನೊಂದು ಸಲ ಯೋಚಿಸಿ. ಹೊಸಬರು ಮೈ ಮುಟ್ಟಿದರೆ ಹಿಂದೆ ಸರಿಯುವ ಜಾತಿ ಅದು, ಕಣ್ಣೆದುರು ಏನಾದರೂ ಓಡಿದರೆ ಬೆನ್ನು ಹತ್ತುವ ಜಾತಿ. ಮಕ್ಕಳು ಬಲೂನ್ ಹಿಡಿದು ಓಡಾಡುವ ಹಾಲಿನಲ್ಲಿ ಅದನ್ನು ಹಿಡಿದು ನಿಲ್ಲುವುದು ಸುಲಭ ಅಲ್ಲ. ಪಗ್ ಥರದ ಚಪ್ಪಟೆ ಮೂತಿಯವಕ್ಕೆ ಸೆಖೆ ತಡೆಯುವುದಿಲ್ಲ. ಹೆಣ್ಣು ನಾಯಿ ಬೆದೆಗೆ ಬರುವ ದಿನಗಳು ಮದುವೆ ತಾರೀಖಿನ ಹತ್ತಿರ ಬೀಳುತ್ತವಾ ಲೆಕ್ಕ ಹಾಕಿ, ಇಲ್ಲದಿದ್ದರೆ ಬೀದಿಯ ಗಂಡುನಾಯಿಗಳೆಲ್ಲ ಚಪ್ಪರದ ಹತ್ತಿರ ಸೇರುತ್ತವೆ, ಆಹ್ವಾನ ಪತ್ರಿಕೆ ಇಲ್ಲದೆ.

ಯಾವ ಶಾಸ್ತ್ರಕ್ಕೆ?

ಒಂದು ಹಾಳೆ ತೆಗೆದುಕೊಂಡು ಮದುವೆಯ ಶಾಸ್ತ್ರಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿಷಯ ಗುರುತು ಹಾಕಿ: ಸದ್ದು ಎಷ್ಟು, ಬೆಂಕಿ ಇದೆಯಾ, ಎಷ್ಟು ಜನ. ಹಾಗೆ ಬರೆದರೆ ಉತ್ತರ ತಾನಾಗಿಯೇ ಕಾಣುತ್ತದೆ.

ಧಾರೆ ಹೋಯಿತು. ಹೋಮದ ಹೊಗೆ, ಗಟ್ಟಿಮೇಳ, ಮೇಲಿಂದ ಅಕ್ಷತೆಯ ಮಳೆ, ನೂರಾರು ಜನ ಒಟ್ಟಿಗೆ ಎದ್ದು ನಿಲ್ಲುವುದು, ಇಷ್ಟೂ ಒಂದೇ ನಿಮಿಷದಲ್ಲಿ ಆಗುತ್ತದೆ. ನಾಯಿಯಿಂದ ತಾಳಿ ತರಿಸುವ ಆಲೋಚನೆ ಇದ್ದರೆ ಈಗಲೇ ಬಿಡಿ. ತೆಂಗಿನಕಾಯಿ ಮೇಲೆ ಇಟ್ಟ ತಾಳಿಯನ್ನು ಹಿರಿಯರೆಲ್ಲ ಮುಟ್ಟಿ ಹರಸಿ ಕಳಿಸುವಾಗ ಅದು ನಾಯಿಯ ಕೊರಳಲ್ಲಿ ಇರಬಾರದು, ಮನೆಯವರ ಕೈಯಲ್ಲಿ ಇರಬೇಕು. ನಿಶ್ಚಿತಾರ್ಥದ ಉಂಗುರ ತರಿಸಬೇಕು ಅನ್ನಿಸಿದರೆ ಅದರ ಕೊರಳಿಗೆ ಖಾಲಿ ಡಬ್ಬಿ ಕಟ್ಟಿ, ಅಸಲಿ ಉಂಗುರ ಅಮ್ಮನ ಪರ್ಸಿನಲ್ಲಿರಲಿ.

ಆರತಕ್ಷತೆಯೂ ಬೇಡ. ಆರ್ಕೆಸ್ಟ್ರಾ, ಡ್ರೋನು, ಹೂಕುಂಡದ ಹಾಗೆ ಕಿಡಿ ಚಿಮ್ಮಿಸುವ ಯಂತ್ರ. ಎರಡು ಗಂಟೆ ಸಾಲಿನಲ್ಲಿ ಬರುವ ಜನ. ಮದುಮಕ್ಕಳಿಗೇ ಸಾಕುಸಾಕಾಗುತ್ತದೆ.

ನಾಯಿಗೆ ಹೇಳಿ ಮಾಡಿಸಿದ್ದು ಚಪ್ಪರದ ದಿನ. ಮನೆ ಅದರದ್ದೇ, ವಾಸನೆ ಗೊತ್ತು, ಜನ ಗೊತ್ತು. ಚಪ್ಪರದ ಕಂಬಕ್ಕೆ ಮಾವಿನ ಸೊಪ್ಪು ಕಟ್ಟುವಾಗ ಅದು ತಾನಾಗಿಯೇ ಕಾಲಡಿ ಸುತ್ತುತ್ತಾ ಇರುತ್ತದೆ. ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರ ಮನೆಯಲ್ಲೇ ಆದರೆ ಅವೂ ಒಳ್ಳೆಯವು. ಅರಿಶಿನವನ್ನು ನಾಯಿಗೆ ಹಚ್ಚಿದರೆ ತೊಂದರೆ ಇಲ್ಲ, ಆದರೆ ಬಿಳಿ ನಾಯಿ ವಾರಗಟ್ಟಲೆ ಹಳದಿಯಾಗಿ ಓಡಾಡುತ್ತದೆ, ಸೋಫಾ ಕೂಡ.

ಛತ್ರದಲ್ಲೇ ಇರಬೇಕು ಅನ್ನೋ ಹಟ ಇದ್ದರೆ ಕಾಶಿಯಾತ್ರೆ ಆರಿಸಿಕೊಳ್ಳಿ. ವರ ಪಂಚೆ ಉಟ್ಟು, ಛತ್ರಿ ಕೋಲು ಹಿಡಿದು, ಕಾಶಿಗೆ ಹೊರಟೆ ಅಂತ ಮುಖ ಮಾಡಿಕೊಂಡು ಬಾಗಿಲ ಕಡೆ ನಡೆಯುತ್ತಾನೆ. ಪಕ್ಕದಲ್ಲಿ ಅವನ ನಾಯಿ ನಡೆದರೆ ಎಷ್ಟು ಚಂದ ಅಲ್ವಾ? ಅದು ಹೊರಗೆ ನಡೆಯುವ ಶಾಸ್ತ್ರ, ಬೇಗ ಮುಗಿಯುತ್ತದೆ, ನಗು ಇರುತ್ತದೆ. ವಾಲಗದವರಿಗೆ ಒಂದು ಮಾತು ಹೇಳಿ, ಆ ಹತ್ತು ನಿಮಿಷ ಡೋಲು ಬಿಟ್ಟು ನಾದಸ್ವರ ಮಾತ್ರ ನುಡಿಸುತ್ತಾರೆ. ಹುಡುಗಿಯ ತಂದೆ ಬಂದು "ಕಾಶಿಗೆ ಬೇಡಪ್ಪ, ನಮ್ಮ ಮಗಳನ್ನು ಕೊಡುತ್ತೇವೆ" ಅಂದ ಕೂಡಲೇ ವರ ಒಳಗೆ, ನಾಯಿ ಕಾರಿಗೆ.

ಛತ್ರದವರು, ಪುರೋಹಿತರು, ಅಜ್ಜಿ

ಛತ್ರ ಬುಕ್ ಮಾಡುವಾಗಲೇ ಕೇಳಿ. ಬಾಯಿಮಾತಿನ "ಪರವಾಗಿಲ್ಲ ತನ್ನಿ" ಆ ದಿನ ಕೆಲಸಕ್ಕೆ ಬರುವುದಿಲ್ಲ, ಯಾಕಂದರೆ ಆ ದಿನ ಅಲ್ಲಿರುವ ಮ್ಯಾನೇಜರೇ ಬೇರೆ. ನಮಗೆ ಹಾಗೇ ಆಯಿತು, ಗೇಟಿನಲ್ಲಿ ಅರ್ಧ ಗಂಟೆ ಜಗಳ. ರಸೀದಿಯ ಹಿಂದೆ ಒಂದು ಸಾಲು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ದೇವಸ್ಥಾನದ ಟ್ರಸ್ಟಿನ ಛತ್ರವಾದರೆ ಸಾಮಾನ್ಯವಾಗಿ ಬೇಡ ಅಂತಾರೆ, ವಾದ ಮಾಡಬೇಡಿ.

ಮಡಿ ಮೈಲಿಗೆ ನೋಡುವ ಹಿರಿಯರ ಮನಸ್ಸು ನೋಯಿಸಿ ನಾಯಿಯನ್ನು ಮಂಟಪಕ್ಕೆ ಹತ್ತಿಸುವ ಅಗತ್ಯ ಏನಿದೆ? ಮಂಟಪ, ಅಡುಗೆಮನೆ, ಊಟದ ಹಾಲು, ಈ ಮೂರೂ ಕಡೆ ನಾಯಿ ಬರುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಅರ್ಧ ವಿರೋಧ ಅಲ್ಲೇ ಕರಗುತ್ತದೆ. ಉಳಿದ ಅರ್ಧಕ್ಕೆ ಕಥೆಗಳಿವೆ. ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಿಂತು, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಒಳಗೆ ಬರಲ್ಲ ಅಂದವನು. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿ. ಕಾಲಭೈರವನ ವಾಹನವೇ ನಾಯಿ. ಮೈಲಾರಲಿಂಗನ ಗೊರವರು ತಾವೇ ದೇವರ ನಾಯಿಗಳು ಅಂತ ಬೊಗಳಿ ಸೇವೆ ಮಾಡುತ್ತಾರೆ. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ಕಟ್ಟಿದ ನಾಯಿ ಗುಡಿಯೇ ಇದೆ. ಇಷ್ಟೂ ಹೇಳಿದ ಮೇಲೆ ನಮ್ಮಜ್ಜಿ "ಧರ್ಮರಾಯ ಸ್ವರ್ಗಕ್ಕೆ ಕರ್ಕೊಂಡು ಹೋದ, ಪಂಕ್ತಿಗೆ ಕೂರಿಸಿದ್ನಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಯಿ ಕಂಡರೆ ನಿಜಕ್ಕೂ ಹೆದರುವ ನೆಂಟರು ಇರುತ್ತಾರೆ, ಹಿಂದೆ ಕಚ್ಚಿಸಿಕೊಂಡವರು ಇರುತ್ತಾರೆ. ಅವರಿಗೆ ಮೊದಲೇ ಫೋನ್ ಮಾಡಿ, ಎಷ್ಟು ಗಂಟೆಗೆ ನಾಯಿ ಎಲ್ಲಿರುತ್ತದೆ ಅಂತ ಹೇಳಿ. "ಏನೂ ಮಾಡಲ್ಲ, ಹತ್ತಿರ ಬನ್ನಿ" ಅನ್ನೋ ಮಾತು ಮಾತ್ರ ಯಾರಿಗೂ ಹೇಳಬೇಡಿ.

ನಾಯಿಗೆ ಅಂತಲೇ ಒಬ್ಬರು

ಇದೊಂದು ಸರಿಯಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಮದುವೆ ಮನೆಯಲ್ಲಿ "ಎಲ್ಲರೂ ಇದ್ದೀವಲ್ಲ, ನೋಡಿಕೊಳ್ತೀವಿ" ಅಂದರೆ ಯಾರೂ ನೋಡಿಕೊಳ್ಳಲ್ಲ ಅಂತ ಅರ್ಥ. ಸೋದರಮಾವನಿಗೆ ಶಾಸ್ತ್ರ ಇದೆ, ಚಿಕ್ಕಪ್ಪನಿಗೆ ಬಾಳೆ ಎಲೆ ಲೆಕ್ಕ, ಅಣ್ಣ ತಮ್ಮಂದಿರು ಬಡಿಸೋಕೆ. ಫೋಟೋಗೆ ಕರೆದಾಗ ಹೋಗಬೇಕಾದ ಯಾರ ಕೈಗೂ ಬೆಲ್ಟ್ ಕೊಡಬೇಡಿ. ನನ್ನ ಮದುವೆಯಲ್ಲಿ ಗುಂಡನನ್ನು ದಿನಾ ಸಂಜೆ ವಾಕಿಂಗ್ ಕರೆದೊಯ್ಯುವ ಹುಡುಗನನ್ನೇ ಎರಡು ದಿನಕ್ಕೆ ಕೇಳಿಕೊಂಡೆವು, ಸಂಬಳ ಕೊಟ್ಟೆವು, ಹೊಸ ಬಟ್ಟೆ ಕೊಡಿಸಿದೆವು. ಅವನಿಗೆ ಹೇಳಿದ್ದು ಇಷ್ಟೇ: ನಾಯಿ ಆಕಳಿಸಿದರೆ ಯಾರನ್ನೂ ಕೇಳದೆ ಮನೆಗೆ ಕರೆದುಕೊಂಡು ಹೋಗು. ನಾನು ಬೇಡ ಅಂದರೂ ಹೋಗು.

ಒಂದು ತಿಂಗಳ ಮುಂಚಿನಿಂದ

ಮೊಬೈಲಿನಲ್ಲಿ ನಾದಸ್ವರ, ಡೋಲಿನ ರೆಕಾರ್ಡಿಂಗ್ ಹಾಕಿ. ಕೇಳಿಯೂ ಕೇಳದಷ್ಟು ಸಣ್ಣಗೆ, ಅದು ಊಟ ಮಾಡುವಾಗ. ದಿನದಿನಕ್ಕೆ ಒಂದೊಂದು ಚೂರು ಜಾಸ್ತಿ ಮಾಡಿ. ತಟ್ಟೆಯಿಂದ ತಲೆ ಎತ್ತಿ ಕಿವಿ ನಿಮಿರಿಸಿತು ಅಂದರೆ ಎರಡು ಮೆಟ್ಟಿಲು ಇಳಿಸಿ. ಗಡಿಬಿಡಿ ಮಾಡಿದರೆ ಉಲ್ಟಾ ಹೊಡೆಯುತ್ತದೆ, ಸದ್ದಿನ ಜೊತೆ ತಟ್ಟೆಗೂ ಹೆದರುತ್ತದೆ. ತೊಡಿಸುವ ಬಟ್ಟೆಯನ್ನೂ ಹೀಗೇ, ಮೊದಲು ಮೂಸಲಿ, ಆಮೇಲೆ ಎರಡು ನಿಮಿಷ, ಆಮೇಲೆ ಹತ್ತು.

ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬನ್ನಿ. ವರ್ಷಕ್ಕೊಮ್ಮೆಯ ರೇಬೀಸ್ ಚುಚ್ಚುಮದ್ದು ಆಗಿದೆಯಾ ನೋಡಿ, ಆ ಪುಸ್ತಕದ ಫೋಟೋ ಮೊಬೈಲಿನಲ್ಲಿ ಇರಲಿ. ಯಾರಿಗಾದರೂ ಹಲ್ಲು ತಗುಲಿದರೆ ಮೊದಲು ಕೇಳೋದು ಅದನ್ನೇ. ಹಾಗೇನಾದರೂ ಆದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ, ಮುಹೂರ್ತ ಇರಲಿ ಬಿಡಲಿ.

ನಿದ್ದೆ ಮಾತ್ರೆಯ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ. ಕೆಲವು ಔಷಧಿಗಳು ನಾಯಿಯನ್ನು ಅಲ್ಲಾಡದ ಹಾಗೆ ಮಾಡುತ್ತವೆ, ಒಳಗಿನ ಭಯ ಹಾಗೇ ಇರುತ್ತದೆ, ಓಡೋಕೆ ಕಾಲು ಮಾತ್ರ ಬರಲ್ಲ. ಡಾಕ್ಟರೇ ಭಯ ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟರೆ ಅದನ್ನು ಮದುವೆ ದಿನವೇ ಮೊದಲ ಸಲ ಕೊಡಬೇಡಿ, ಎರಡು ವಾರ ಮುಂಚೆ ಒಂದು ಭಾನುವಾರ ಕೊಟ್ಟು ನೋಡಿ. ನಮ್ಮ ತಲೆನೋವಿನ ಮಾತ್ರೆಗಳು ನಾಯಿಗೆ ವಿಷ ಆಗಬಹುದು, ಅವನ್ನಂತೂ ಮುಟ್ಟಲೇಬೇಡಿ.

ಅಲಂಕಾರ

ಒಂದು ತೆಳು ಹತ್ತಿ ಶಲ್ಯ ಸಾಕು. ಜರಿ ಚುಚ್ಚುತ್ತದೆ, ರೇಷ್ಮೆ ಬೇಯಿಸುತ್ತದೆ. ಶಲ್ಯ ಬೆಲ್ಟಿನ ಮೇಲೆ ಬರಲಿ, ಬೆಲ್ಟ್ ಮಾತ್ರ ಕೊರಳಿಗಿಂತ ಎದೆ ಸುತ್ತ ಬರುವಂಥದ್ದು ಇರಲಿ, ತಲೆ ನುಣುಚಿಕೊಂಡು ಹೋಗೋಕೆ ಆಗಲ್ಲ. ಹೆಸರು, ಫೋನ್ ನಂಬರ್ ಬರೆದ ಬಿಲ್ಲೆ ಹಾಕಿ. ಅದರಲ್ಲಿ ಮದುಮಗಳ ನಂಬರ್ ಬೇಡ, ಅವಳ ಫೋನ್ ಆ ದಿನ ಯಾರದೋ ಬ್ಯಾಗಿನಲ್ಲಿರುತ್ತದೆ.

ಹೂವಿನ ಹಾರದ ವಿಷಯದಲ್ಲಿ ಜಾಗ್ರತೆ. ಕಣಗಿಲೆ ಹೂವಿನ ಹಾರ ನಾಯಿಯ ಹತ್ತಿರ ಬರಬಾರದು. ಆ ಗಿಡದ ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯದ ಬಡಿತ ಕೆಡಿಸುವ ವಿಷ. ಚೆಂಡುಹೂವು, ಗುಲಾಬಿ ದಳ ಪರವಾಗಿಲ್ಲ, ಆದರೆ ದಾರ ನೋಡಿ. ನಾಯಿ ಹೂವಿನ ಜೊತೆ ದಾರ ನುಂಗಿದರೆ ಕರುಳು ಹೊಲಿಗೆ ಹಾಕಿದ ಹಾಗೆ ಮುದುಡಿಕೊಳ್ಳುತ್ತದೆ, ಆಪರೇಷನ್ ತನಕ ಹೋಗುತ್ತದೆ. ಫೋಟೋಗೆ ಹಾಕಿ, ಎರಡು ನಿಮಿಷಕ್ಕೆ ತೆಗೆಯಿರಿ.

ಎಲೆ ಮೇಲೆ ಇರುವುದು

ಮದುವೆ ಊಟದ ಎಲೆಯನ್ನು ನಾಯಿಯ ಕಣ್ಣಿನಿಂದ ಒಂದು ಸಲ ನೋಡಿ. ಪಲ್ಯ, ಗೊಜ್ಜಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಎರಡೂ ಅದರ ರಕ್ತಕಣ ಒಡೆಯುತ್ತವೆ. ಪಾಯಸದಲ್ಲಿ, ಕೇಸರಿಬಾತಿನಲ್ಲಿ ಒಣದ್ರಾಕ್ಷಿ. ದ್ರಾಕ್ಷಿ ಹಸಿಯಾಗಲಿ ಒಣಗಿದ್ದಾಗಲಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸಿಬಿಡುತ್ತದೆ, ಎಷ್ಟು ತಿಂದರೆ ಅಪಾಯ ಅಂತ ಲೆಕ್ಕ ಇಲ್ಲ, ಹಾಗಾಗಿ ಒಂದೂ ಬೇಡ. "ಮೊಸರನ್ನ ತಾನೇ, ತಂಪು" ಅಂತ ದೊಡ್ಡಮ್ಮ ಒಂದು ತುತ್ತು ಹಾಕಿರುತ್ತಾರೆ. ಮದುವೆ ಮನೆ ಮೊಸರನ್ನ ಅದು, ಮೇಲೆ ದ್ರಾಕ್ಷಿ, ದಾಳಿಂಬೆ ಉದುರಿಸಿರುತ್ತಾರೆ. ತುಪ್ಪದಲ್ಲಿ ಅದ್ದಿದ ಹೋಳಿಗೆ, ಚಿರೋಟಿ ತಿಂದರೆ ಹೊಟ್ಟೆ ಕೆಡುವುದರ ಜೊತೆಗೆ ಮೇದೋಜೀರಕವೂ ಊದಿಕೊಳ್ಳಬಹುದು. ಬೀಗರ ಊಟದ ಮೂಳೆ ಇನ್ನೂ ಕೆಟ್ಟದ್ದು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚಿಕೊಳ್ಳುತ್ತದೆ.

ಆರತಿ ತಟ್ಟೆಯ ಕರ್ಪೂರವನ್ನೂ ಎತ್ತರದಲ್ಲಿಡಿ, ಅದು ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ತಾಂಬೂಲದ ಚೀಲಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿಡುತ್ತಾರಲ್ಲ, ಅವು ನಾಯಿಯ ಮೂಗಿನ ಎತ್ತರಕ್ಕೇ ಇರುತ್ತವೆ.

ನಾವು ಮನೆಯಿಂದಲೇ ಡಬ್ಬಿಯಲ್ಲಿ ಅವನ ದಿನದ ಊಟ ಕಟ್ಟಿದ್ದೆವು. ಶಲ್ಯದ ಮೇಲೆ ಅಮ್ಮ ಒಂದು ಚೀಟಿ ಹೊಲಿದರು: "ನನ್ನ ಊಟ ಆಗಿದೆ." ಹೇಳಿದರೆ ಕೇಳದ ನೆಂಟರು ಅದನ್ನು ಓದಿ ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡರು.

ಆ ದಿನ

ಬೆಳಿಗ್ಗೆ ಬೇಗ ಎಬ್ಬಿಸಿ ದೂರ ನಡೆಸಿ, ಸುಸ್ತಾಗಲಿ. ಶಾಸ್ತ್ರಕ್ಕೆ ಎರಡು ಮೂರು ಗಂಟೆ ಮುಂಚೆ ಊಟ, ಆಮೇಲೆ ಹೊರಗೆ ಕರೆದೊಯ್ದು ಎಲ್ಲ ಮುಗಿಸಿಕೊಂಡು ಬನ್ನಿ. ಏಪ್ರಿಲ್, ಮೇ ಮದುವೆಯಾದರೆ ಬಿಸಿಲಿನ ಲೆಕ್ಕ ಬೇರೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪು ಮಾಡಿಕೊಳ್ಳಬೇಕು. ಛತ್ರದ ಅಂಗಳದ ಸಿಮೆಂಟಿನ ಮೇಲೆ ನಿಮ್ಮ ಮುಂಗೈ ಇಟ್ಟು ಏಳು ಎಣಿಸಿ. ತಡೆಯೋಕೆ ಆಗದಿದ್ದರೆ ಅದರ ಪಾದಕ್ಕೂ ಆಗಲ್ಲ. ನಿಲ್ಲಿಸಿದ ಕಾರಿನಲ್ಲಿ ಕಿಟಕಿ ಚೂರು ಇಳಿಸಿ ಬಿಟ್ಟು ಬರುವುದು ಬೇಡವೇ ಬೇಡ, ಹತ್ತು ನಿಮಿಷಕ್ಕೇ ಒಳಗೆ ಸುಮಾರು ಹತ್ತು ಡಿಗ್ರಿ ಏರುತ್ತದೆ.

ಮದುವೆ ಬೇರೆ ಊರಿನಲ್ಲಿ ಇದ್ದರೆ ಕಾರೇ ಒಳ್ಳೆಯದು. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ನಾಯಿಗೆ ಅರ್ಧ ಟಿಕೆಟ್ ತೆಗೆದುಕೊಂಡು ಹೋಗಬಹುದು, ಎಸಿ ಬಸ್ಸಿನಲ್ಲಿ ಇಲ್ಲ. ರೈಲಿನಲ್ಲಿ ಫಸ್ಟ್ ಎಸಿಯ ಕೂಪೆ ಅಥವಾ ಕ್ಯಾಬಿನ್ ಪೂರ್ತಿ ನಿಮ್ಮದೇ ಆದರೆ ಮಾತ್ರ ಜೊತೆಗೆ ಕರೆದೊಯ್ಯಬಹುದು. ಇಲ್ಲದಿದ್ದರೆ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಮದುವೆಗೋಸ್ಕರ ಅಷ್ಟು ಹಿಂಸೆ ಕೊಡೋದಕ್ಕಿಂತ ಮನೆಯಲ್ಲೇ ಬಿಟ್ಟು ಹೋಗೋದು ವಾಸಿ.

ಫೋಟೋದವರಿಗೆ ಮೂರು ಮಾತು ಹೇಳಿ: ಮುಖಕ್ಕೆ ಫ್ಲಾಶ್ ಬೇಡ, ಡ್ರೋನ್ ಬೇಡ, ನೆಲಕ್ಕೆ ಕೂತು ತೆಗೆಯಿರಿ. ನಾಯಿಯನ್ನು ಎತ್ತಿ ಕ್ಯಾಮೆರಾ ಎತ್ತರಕ್ಕೆ ಹಿಡಿದ ಫೋಟೋಗಳಲ್ಲಿ ಅದು ಯಾವಾಗಲೂ ಕಳ್ಳನ ಹಾಗೆ ಕಾಣುತ್ತದೆ. ಕ್ಯಾಮೆರಾದ ಹಿಂದೆ ಒಬ್ಬರು ಬಿಸ್ಕತ್ ಡಬ್ಬಿ ಅಲ್ಲಾಡಿಸಿದರೆ ಸಾಕು. ನನ್ನ ಆಲ್ಬಮ್ಮಿನ ಒಳ್ಳೆಯ ಫೋಟೋ ಚಪ್ಪರದ ದಿನ ಬೆಳಿಗ್ಗೆ ಏಳು ಗಂಟೆಯದು. ನಾನು ಮೆಟ್ಟಿಲ ಮೇಲೆ ಅರಿಶಿನ ಹಚ್ಚಿಕೊಂಡು ಕೂತಿದ್ದೇನೆ, ಗುಂಡ ನನ್ನ ಮೊಣಕಾಲಿನ ಮೇಲೆ ಗದ್ದ ಊರಿದ್ದಾನೆ, ಮೂಗಿನ ತುದಿ ಹಳದಿ. ಎಂಟು ಗಂಟೆಗೆ ಅವನು ಮಹಡಿ ಮೇಲಿನ ರೂಮಿನಲ್ಲಿ ಫ್ಯಾನ್ ಕೆಳಗೆ ನಿದ್ದೆ ಹೊಡೆಯುತ್ತಿದ್ದ.

ಮದುವೆ ಮುಗಿದ ಮೇಲೆ

ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಫೋಟೋ ಮುಗಿದ ಮೇಲೆ ಎಲ್ಲರೂ ನಾಯಿಯನ್ನು ಮರೆಯುತ್ತಾರೆ, ಆದರೆ ಅದಕ್ಕೆ ಮದುವೆ ಶುರುವಾಗೋದೇ ಆಮೇಲೆ.

ಗಂಡಿನ ಮನೆಯಲ್ಲಿ ನಾಯಿ ಇದ್ದರೆ ಮದುಮಗಳ ಪರಿಚಯವನ್ನು ಮನೆ ತುಂಬಿಸಿಕೊಳ್ಳುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಸೇರು ಒದೆಯುವ ಹೊತ್ತಿಗೆ ಬಾಗಿಲಲ್ಲಿ ಜನ, ಆರತಿ, ಹೊಸ ಹೆಂಗಸು, ಹೊಸ ಸೀರೆ ಸರಸರ, ನಾಯಿ ಬೊಗಳಿದರೆ ಅದನ್ನು ಅಪಶಕುನ ಅನ್ನೋಕೆ ಒಬ್ಬರು ಕಾಯುತ್ತಿರುತ್ತಾರೆ. ನಿಶ್ಚಿತಾರ್ಥ ಆದ ಮೇಲೆ ನಾಲ್ಕೈದು ಸಲ ಹೋಗಿ ಬನ್ನಿ, ಮನೆಯೊಳಗಲ್ಲ, ಬೀದಿಯಲ್ಲಿ ಜೊತೆಗೆ ನಡೆಯಿರಿ. ನೀವು ಉಟ್ಟು ಬಿಟ್ಟ ದುಪಟ್ಟಾ ಒಂದನ್ನು ತೊಳೆಯದೆ ಅದರ ಚಾಪೆಯ ಪಕ್ಕ ಹಾಕಿಸಿ.

ನಾಯಿ ತವರಿನಲ್ಲೇ ಉಳಿಯುವುದಾದರೆ ಕಷ್ಟ ಬೇರೆ ಥರ. ಹೊರಡುವ ದಿನ ಹೆಣ್ಣೊಪ್ಪಿಸುವಾಗ ಎಲ್ಲರೂ ಅಳುತ್ತಿರುತ್ತಾರೆ, ಆ ಗುಂಪಿಗೆ ನಾಯಿಯನ್ನು ತರಬೇಡಿ. ಮುಂಚೆಯೇ ಒಳಗೆ ಹೋಗಿ ದಿನಾ ಆಫೀಸಿಗೆ ಹೋಗುವಾಗ ಹೇಳುವ ಹಾಗೆ ಹೇಳಿ ಬನ್ನಿ. ವಾಕಿಂಗ್, ಊಟದ ಕೆಲಸವನ್ನು ಮದುವೆಗೆ ಒಂದು ತಿಂಗಳ ಮೊದಲೇ ನಿಧಾನಕ್ಕೆ ಮನೆಯವರಿಗೆ ಒಪ್ಪಿಸಿ, ಒಂದೇ ದಿನ ಎಲ್ಲ ಬದಲಾಗದಿರಲಿ. ನಿಮ್ಮ ಹಳೆ ಬಟ್ಟೆ ಬಿಟ್ಟು ಹೋಗಿ. ಎರಡು ದಿನ ಊಟ ಪೂರ್ತಿ ಬಿಟ್ಟರೆ, ನೀರೂ ಕುಡಿಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ಅರ್ಧ ತಿಂದು ಬಿಟ್ಟು ಗೇಟಿನ ಹತ್ತಿರ ಹೋಗಿ ಕೂತರೆ ಕಾಯಬೇಕು ಅಷ್ಟೇ.

ಗುಂಡ ಹತ್ತು ದಿನ ಸಂಜೆ ಆರಕ್ಕೆ, ನಾನು ಆಫೀಸಿನಿಂದ ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಗೇಟಿಗೆ ಮೂಗು ತೂರಿಸಿ ಕೂರುತ್ತಿದ್ದನಂತೆ. ಅಮ್ಮ ಇದನ್ನು ನನಗೆ ಹೇಳಿರಲಿಲ್ಲ. ಹನ್ನೊಂದನೇ ದಿನ ಅಪ್ಪ ಫೋನ್ ಮಾಡಿದರು, ನಾನು ಹೇಗಿದ್ದೀನಿ ಅಂತಲೂ ಕೇಳದೆ, "ಇವತ್ತು ತಟ್ಟೆ ಖಾಲಿ ಮಾಡಿದ ಕಣೇ" ಅಂದರು.